‘ಮಾತ್ರೆ ಎಷ್ಟು ದಿನ, ಡಾಕ್ಟರೇ?’

(ಪದವಿಪೂರ್ವ ಕಾಲೇಜೊಂದರಲ್ಲಿ ಪೋಷಕರು ಮತ್ತು ಅಧ್ಯಾಪಕರ ಮುಂದೆ ಹದಿಹರೆಯದವರ ಮಾದಕ ಚಟದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಗನನ್ನೋ ಮಗಳನ್ನೋ ಕರೆದುಕೊಂಡು ನನ್ನ ಬಳಿ ಬರುವ ಅಪ್ಪ ಅಮ್ಮಂದಿರಿಗೆ ಕಾಯಿಲೆ ಏನೆಂದು ನಾನು ಹೇಳಬೇಕಾಗುವುದು ಕಡಿಮೆ. ಅಷ್ಟು ಹೊತ್ತಿಗೆ ಪುಸ್ತಕದ ಚೀಲದಲ್ಲಿ ಸಿರಿಂಜು ಸಿಕ್ಕಿರುತ್ತದೆ, ಇಲ್ಲವೇ ಅಜ್ಜಿಯ ಬಳೆ ಕಾಣೆಯಾಗಿರುತ್ತದೆ. ಅತ್ತು, ಬೈದು, ಹೊಡೆದು, ದೇವರಿಗೆ ಹರಕೆ ಹೊತ್ತು ಮುಗಿದಿರುತ್ತದೆ. ನಾನು ಔಷಧ ಬರೆಯಲು ಪೆನ್ನು ಎತ್ತಿಕೊಂಡ ಕೂಡಲೇ ಅಪ್ಪ ಕೇಳುತ್ತಾರೆ: ‘ಮಾತ್ರೆ ಎಷ್ಟು ದಿನ, ಡಾಕ್ಟರೇ?’ ಹತ್ತು ದಿನ ಎಂದರೆ ಅವರ ಮುಖ ಅರಳುತ್ತದೆ. ಒಂದು ವರ್ಷವಾದರೂ ಆಗಬಹುದು ಎಂದರೆ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ. ಹತ್ತು ದಿನ ಎನ್ನುವ ಡಾಕ್ಟರು ಸಿಕ್ಕೇ ಸಿಗುತ್ತಾರೆ. ಇಂದಿನ ನನ್ನ ಮಾತು ಈ ಹತ್ತು ದಿನದ ಆಸೆಯ ಬಗ್ಗೆ.

ಮೊದಲು ಯಾವ ಚಟದ ವಿಷಯ ಎಂದು ಸ್ಪಷ್ಟಪಡಿಸುತ್ತೇನೆ. ಗಸಗಸೆ ಪಾಯಸ ಉಂಡು ಮಧ್ಯಾಹ್ನ ಕಣ್ಣು ಎಳೆದ ಅನುಭವ ನಿಮಗೆಲ್ಲ ಇದ್ದೇ ಇರುತ್ತದೆ. ಪಾಪ, ಗಸಗಸೆ ಕಾಳಿನಲ್ಲಿ ಅಂಥದ್ದೇನೂ ಹೆಚ್ಚಾಗಿ ಇಲ್ಲ. ಹಬ್ಬದ ಊಟದ ಭಾರವೇ ಹೆಚ್ಚು. ಆದರೆ ಅದೇ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅಫೀಮಿನಿಂದ ಮಾರ್ಫಿನ್, ಕೊಡೀನ್. ಮಾರ್ಫಿನ್ನಿನಿಂದ ಹೆರಾಯಿನ್, ಅದನ್ನು 1898ರಲ್ಲಿ ಬೇಯರ್ ಕಂಪನಿ ಕೆಮ್ಮಿನ ಔಷಧವೆಂದು ಮಾರಾಟಕ್ಕೆ ಬಿಟ್ಟಿತ್ತು. ಗಿಡದ ಹಂಗೇ ಇಲ್ಲದೆ ಪ್ರಯೋಗಾಲಯದಲ್ಲಿ ತಯಾರಾದ ಟ್ರಮಡಾಲ್, ಟ್ಯಾಪೆಂಟಡಾಲ್, ಫೆಂಟನಿಲ್ ಕೂಡ ಇದೇ ಕುಟುಂಬದವು. ಒಟ್ಟಾಗಿ ಇವುಗಳಿಗೆ ಓಪಿಯಾಯ್ಡ್ ಎಂದು ಹೆಸರು. ಗಾಂಜಾ ಈ ಕುಟುಂಬಕ್ಕೆ ಸೇರಿದ್ದಲ್ಲ. ನಾನು ಇಂದು ಹೇಳುವ ಔಷಧಗಳು ಗಾಂಜಾ ಚಟಕ್ಕೆ ಕೆಲಸ ಮಾಡುವುದಿಲ್ಲ, ದಯವಿಟ್ಟು ಕೇಳಬೇಡಿ.

ಇದೆಲ್ಲ ಪಂಜಾಬಿನ ಕಥೆ, ನಮ್ಮ ಕಡೆ ಇಲ್ಲ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.8ರಷ್ಟು, ಅಂದರೆ ಸುಮಾರು 40 ಲಕ್ಷ ಮಂದಿ, ಒಂದಲ್ಲ ಒಂದು ಓಪಿಯಾಯ್ಡ್ ಬಳಸುತ್ತಿದ್ದರು. ಅದೇ ವಯಸ್ಸಿನಲ್ಲಿ ಮದ್ಯ ಕುಡಿಯುತ್ತಿದ್ದವರು ಶೇ 1.3. ನಾವು ಹೆದರುವುದು ಬಾರ್ ಮುಂದಿನ ಬೋರ್ಡಿಗೆ. ಮಕ್ಕಳು ಹೋಗುತ್ತಿರುವುದು ಬೇರೆ ಬಾಗಿಲಿಗೆ. ಕರ್ನಾಟಕದಲ್ಲಿ ಆ ಬಾಗಿಲು ಎಷ್ಟೋ ಸಲ ಔಷಧಿ ಅಂಗಡಿಯದು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದರು. ನೋವಿನ ಮಾತ್ರೆ ಟ್ಯಾಪೆಂಟಡಾಲಿನ ಚಟ ಹತ್ತಿಸಿಕೊಂಡು, ಅದನ್ನೇ ಸೂಜಿಯಲ್ಲಿ ಚುಚ್ಚಿಕೊಳ್ಳುವ ಹುಡುಗರನ್ನು ಬೆಂಗಳೂರಿನ ವ್ಯಸನ ಚಿಕಿತ್ಸಕರು ಈಗ ನೋಡುತ್ತಿದ್ದಾರೆ. ಸ್ಟ್ರಿಪ್ಪಿನ ಮೇಲೆ ಕಂಪನಿಯ ಹೆಸರಿದೆ, ಬೆಲೆ ಇದೆ, ಎಕ್ಸ್‌ಪೈರಿ ದಿನಾಂಕವಿದೆ. ಇಷ್ಟೆಲ್ಲ ಇರುವ ವಸ್ತು ಅಪಾಯಕಾರಿ ಎಂದು ಹದಿನಾರರ ಹುಡುಗನಿಗೆ ಹೇಗೆ ಅನ್ನಿಸಬೇಕು?

ಮೊದಮೊದಲು ಸುಖಕ್ಕಾಗಿ ತೆಗೆದುಕೊಳ್ಳುತ್ತಾರೆ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿ, ನಿನ್ನೆ ಸಾಕಾದದ್ದು ಇಂದು ಸಾಲದಾಗುತ್ತದೆ. ಆಮೇಲೆ ಸುಖವೂ ಇಲ್ಲ, ತೆಗೆದುಕೊಳ್ಳದಿದ್ದರೆ ಬರುವ ಸಂಕಟ ತಪ್ಪಿಸಿಕೊಳ್ಳಲು ತೆಗೆದುಕೊಳ್ಳುತ್ತಾರೆ. ಮೇಲಿಂದ ಮೇಲೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಮೈಯೆಲ್ಲ ಮುಳ್ಳು ಏಳುವುದು, ಹೊಟ್ಟೆ ನುಲಿತ, ಭೇದಿ, ಮೂಳೆ ಮುರಿದಂಥ ನೋವು, ಮೂರು ನಾಲ್ಕು ರಾತ್ರಿ ನಿದ್ದೆಯಿಲ್ಲದ ಒದ್ದಾಟ. ವಿತ್‌ಡ್ರಾವಲ್ ಎನ್ನುತ್ತೇವೆ. ಜ್ವರವಿರಬೇಕೆಂದು ಮಗನಿಗೆ ಡೆಂಗಿ ಪರೀಕ್ಷೆ ಮಾಡಿಸಿದ ತಾಯಂದಿರನ್ನು ನಾನು ನೋಡಿದ್ದೇನೆ. ಅವರನ್ನು ನೋಡಿ ನಗಬೇಡಿ; ಲಕ್ಷಣಗಳು ಹಾಗೇ ಇರುತ್ತವೆ.

ಹತ್ತು ದಿನದ ಆಸೆ ಹುಟ್ಟುವುದು ಇಲ್ಲಿಯೇ. ಈ ಸಂಕಟ ಒಂದು ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಆಸ್ಪತ್ರೆಯಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಇಟ್ಟು ಆ ದಿನಗಳನ್ನು ದಾಟಿಸಿದರೆ ಹುಡುಗ ಕ್ಲೀನ್. ಗಡ್ಡ ಬೋಳಿಸಿ, ಹಣೆಗೆ ಕುಂಕುಮವಿಟ್ಟು ಮನೆಗೆ ಕರೆದುಕೊಂಡು ಬರುತ್ತೇವೆ. ಅಮ್ಮ ಹೋಳಿಗೆ ಮಾಡುತ್ತಾಳೆ.

ಆ ಹೋಳಿಗೆಯ ವಾರವೇ ಅತ್ಯಂತ ಅಪಾಯದ ವಾರ ಎಂದು ಯಾರೂ ಆ ತಾಯಿಗೆ ಹೇಳಿರುವುದಿಲ್ಲ. ಚಿಕಿತ್ಸೆಯ ಹತ್ತು ಹದಿನೈದು ದಿನಗಳಲ್ಲಿ ದೇಹ ತಾನು ಗಳಿಸಿಕೊಂಡ ತಾಳಿಕೆಯನ್ನು ಕಳೆದುಕೊಂಡಿದೆ, ಆಸೆ ಮಾತ್ರ ಎಲ್ಲಿತ್ತೋ ಅಲ್ಲಿಯೇ ಇದೆ. ಹಳೆಯ ಗೆಳೆಯ ಸಿಗುತ್ತಾನೆ. ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ತಿಂಗಳ ಹಿಂದೆ ಅವನಿಗೆ ಏನೂ ಮಾಡದಿದ್ದ ಅದೇ ಪ್ರಮಾಣ ಇಂದು ಉಸಿರು ನಿಲ್ಲಿಸುತ್ತದೆ. ಡಿಟಾಕ್ಸ್ ಎಂಬ ಚಿಕಿತ್ಸೆ, ಅದರ ಹಿಂದೆ ಬೇರೇನೂ ಇಲ್ಲದಿದ್ದರೆ, ಮಗುವನ್ನು ಮೊದಲಿಗಿಂತ ಹೆಚ್ಚು ಅಪಾಯಕ್ಕೆ ತಳ್ಳಿ ಕಳುಹಿಸುತ್ತದೆ. ಇದನ್ನು ನಾನು ಮೆಲ್ಲಗೆ ಹೇಳುವುದಿಲ್ಲ.

ಇದಕ್ಕೆ ಆಧಾರವೇನು ಎಂದು ಅಧ್ಯಾಪಕರು ಕೇಳಬೇಕು, ಕೇಳುತ್ತೀರಿ ಎಂದುಕೊಂಡಿದ್ದೇನೆ. ಹದಿಹರೆಯದವರ ಮೇಲೆ ನಡೆದ ಇಂಥ ಪ್ರಯೋಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2003ರಿಂದ 2006ರವರೆಗೆ ಅಮೆರಿಕದ ಆರು ಚಿಕಿತ್ಸಾ ಕೇಂದ್ರಗಳಲ್ಲಿ ಜಾರ್ಜ್ ವುಡಿ ಎಂಬ ಮನೋವೈದ್ಯರ ನೇತೃತ್ವದಲ್ಲಿ ನಡೆದದ್ದು. ಫಲಿತಾಂಶ 2008ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 15ರಿಂದ 21 ವರ್ಷದ 152 ಮಂದಿ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಪಂಗಡ ಮಾಡಿದರು. 78 ಮಂದಿಗೆ ಬ್ಯುಪ್ರೆನಾರ್ಫಿನ್-ನಲಾಕ್ಸೋನ್ ಎಂಬ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ 14 ದಿನಗಳಲ್ಲಿ ನಿಲ್ಲಿಸಿದರು. ನಮ್ಮ ಹತ್ತು ದಿನದ ಡಾಕ್ಟರ ಪದ್ಧತಿ ಎಂದುಕೊಳ್ಳಿ. ಉಳಿದ 74 ಮಂದಿಗೆ ಅದೇ ಮಾತ್ರೆಯನ್ನು ಒಂಬತ್ತು ವಾರ ಕೊಟ್ಟು, ಆಮೇಲೆ ಇಳಿಸುತ್ತಾ ಹನ್ನೆರಡನೆಯ ವಾರಕ್ಕೆ ನಿಲ್ಲಿಸಿದರು. ವಾರವಾರದ ಆಪ್ತ ಸಮಾಲೋಚನೆ ಎರಡೂ ಕಡೆ ಒಂದೇ ಸಮ.

ನಾಲ್ಕನೆಯ ವಾರದ ಮೂತ್ರ ಪರೀಕ್ಷೆಯಲ್ಲಿ ಮೊದಲ ಪಂಗಡದ ಶೇ 61 ಮಂದಿಯಲ್ಲಿ ಓಪಿಯಾಯ್ಡ್ ಕಂಡಿತು. ಎರಡನೆಯದರಲ್ಲಿ ಶೇ 26. ಎಂಟನೆಯ ವಾರದಲ್ಲಿ 54 ಮತ್ತು 23. ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಮೊದಲ ಪಂಗಡದ 78ರಲ್ಲಿ ಚಿಕಿತ್ಸೆಯಲ್ಲಿ ಉಳಿದವರು 16. ಎರಡನೆಯ ಪಂಗಡದ 74ರಲ್ಲಿ 52. ಸಮಾಲೋಚನೆಯ ಬಾಗಿಲು ಎಲ್ಲರಿಗೂ ತೆರೆದೇ ಇತ್ತು ಎಂಬುದನ್ನು ಮರೆಯಬೇಡಿ. ಮಾತ್ರೆ ನಿಂತಾಗ ಹುಡುಗರು ಆ ಬಾಗಿಲಿಗೂ ಬರುವುದನ್ನು ಬಿಟ್ಟರು. ‘ಔಷಧ ಬೇಡ, ಬುದ್ಧಿ ಹೇಳಿ ಸಾಕು’ ಎನ್ನುವವರಿಗೆ ನಾನು ತೋರಿಸುವುದು ಈ 16 ಮತ್ತು 52. ಬುದ್ಧಿ ಹೇಳಿಸಿಕೊಳ್ಳಲು ಮಗು ಎದುರಿಗೆ ಕುಳಿತಿರಬೇಕಲ್ಲ?

ಆದರೆ ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹನ್ನೆರಡನೆಯ ವಾರದ ಅಂಕಿ. ಮೊದಲ ಪಂಗಡ ಶೇ 51, ಎರಡನೆಯದು ಶೇ 43. ಒಂಬತ್ತನೆಯ ವಾರದಿಂದ ಮಾತ್ರೆ ಇಳಿಸತೊಡಗಿದ್ದೇ ತಡ, ಅಷ್ಟು ಚೆನ್ನಾಗಿದ್ದ ಪಂಗಡವೂ ಜಾರತೊಡಗಿತು. ಮುಂದಿನ ತಿಂಗಳುಗಳಲ್ಲಿ ವಿಚಾರಿಸಿದಾಗ ಎರಡೂ ಪಂಗಡಗಳಲ್ಲಿ ಬಹಳ ಮಂದಿ ಮತ್ತೆ ಬಳಸುತ್ತಿದ್ದರು. ಇದನ್ನು ಓದಿ ‘ನೋಡಿ, ಔಷಧ ಸೋತಿತು’ ಎಂದವರಿದ್ದಾರೆ. ಛತ್ರಿ ಮಡಚಿದ ಮೇಲೆ ನೆನೆದವನು ಛತ್ರಿಯನ್ನು ಬೈದ ಹಾಗಾಯಿತು. ಮೂರು ತಿಂಗಳು ಕೂಡ ಸಾಲದು ಎಂದು ನಾನು ಓದಿಕೊಳ್ಳುತ್ತೇನೆ.

ಈಗ ಆ ಮಾತ್ರೆಯ ವಿಷಯ. ಬ್ಯುಪ್ರೆನಾರ್ಫಿನ್ ಹುಟ್ಟಿದ್ದು 1966ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ, ರೆಕಿಟ್ ಅಂಡ್ ಕೋಲ್ಮನ್ ಕಂಪನಿಯ ಪ್ರಯೋಗಾಲಯದಲ್ಲಿ. ಹಿರಿಯರಿಗೆ ಹೆಸರು ನೆನಪಿರಬಹುದು: ನಮ್ಮ ಮನೆಗಳಿಗೆ ಡೆಟಾಲ್, ಬಿಳಿ ಬಟ್ಟೆಗೆ ಹಾಕುವ ರಾಬಿನ್ ನೀಲಿ, ಚೆರ್ರಿ ಬ್ಲಾಸಂ ಶೂ ಪಾಲಿಷ್ ಕೊಟ್ಟ ಕಂಪನಿ ಅದು. ಅವರು ಹುಡುಕುತ್ತಿದ್ದದ್ದು ಚಟ ಹತ್ತದ ನೋವಿನ ಔಷಧವನ್ನು. ಅಫೀಮಿನಲ್ಲೇ ಇರುವ ಥೀಬೇನ್ ಎಂಬ ವಸ್ತುವಿನಿಂದ ಅದನ್ನು ತಯಾರಿಸಿದರು. ಇದರಿಂದ ಚಟವನ್ನೇ ಗುಣಪಡಿಸಬಹುದೇನೋ ಎಂದು 1978ರಲ್ಲಿ ಡೊನಾಲ್ಡ್ ಜಾಸಿನ್‌ಸ್ಕಿ ಮತ್ತು ಸಂಗಡಿಗರು ಬರೆದರು. ಅಮೆರಿಕ ಆ ಕೆಲಸಕ್ಕೆ ಒಪ್ಪಿಗೆ ಕೊಟ್ಟದ್ದು 2002ರಲ್ಲಿ, 16 ವರ್ಷ ಮೇಲ್ಪಟ್ಟವರಿಗೆ.

ಕೆಲಸ ಮಾಡುವ ಬಗೆ ಹೀಗೆ. ನಮ್ಮ ಮಿದುಳಿನಲ್ಲಿ ಓಪಿಯಾಯ್ಡ್‌ಗಳು ಬಂದು ಕೂರುವ ಜಾಗಗಳಿವೆ. ದೇಹವೇ ತಯಾರಿಸುವ ಎಂಡಾರ್ಫಿನ್‌ಗಳಿಗಾಗಿ ಇರುವ ಆಸನಗಳು ಅವು. ಜಾತ್ರೆಯ ದಿನದ ಕೆಂಪು ಬಸ್ಸನ್ನು ನೆನಪಿಸಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು, ಕೂತ ಮೇಲೆ ಯಾರು ಏನಂದರೂ ಏಳದ ಪ್ರಯಾಣಿಕನಿರುತ್ತಾನಲ್ಲ, ಬ್ಯುಪ್ರೆನಾರ್ಫಿನ್ ಅಂಥದ್ದು. ಅದು ಕೂತ ಮೇಲೆ ಹೆರಾಯಿನ್ ಬಂದರೂ ಸೀಟಿಲ್ಲ. ಇನ್ನೊಂದು ಗುಣ, ಅದು ಆ ಜಾಗದಲ್ಲಿ ಕೂತರೂ ಅರ್ಧಂಬರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಶಾಲಾ ವಾಹನಕ್ಕೆ ವೇಗ ನಿಯಂತ್ರಕ ಹಾಕಿರುತ್ತಾರೆ, ಚಾಲಕ ಎಷ್ಟೇ ಒತ್ತಿದರೂ ಒಂದು ಮಿತಿಯ ಆಚೆ ಓಡುವುದಿಲ್ಲ. ಹಾಗೆಯೇ ಸಂಕಟ, ಆಸೆ ಎರಡೂ ತಣಿಯುವಷ್ಟು ಕೆಲಸ ನಡೆಯುತ್ತದೆ, ಉಸಿರಾಟ ಕುಗ್ಗುವುದು ಮಾತ್ರ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಜತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಈ ರಕ್ಷಣೆಯನ್ನು ನಂಬಬೇಡಿ. ಚಟವಿಲ್ಲದ ಪುಟ್ಟ ತಂಗಿ ಆ ಮಾತ್ರೆ ಬಾಯಿಗೆ ಹಾಕಿಕೊಂಡರೂ ಜೀವಕ್ಕೆ ಅಪಾಯ. ಬೀರುವಿನಲ್ಲಿ ಬೀಗ ಹಾಕಿಡಬೇಕು.

ಗಟ್ಟಿಯಾಗಿ ಕೂರುವ ಈ ಗುಣವೇ ಒಂದು ತೊಡಕನ್ನೂ ತರುತ್ತದೆ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗಲೇ ಮೊದಲ ಮಾತ್ರೆ ಕೊಟ್ಟರೆ, ಕೂತವರನ್ನೆಲ್ಲ ಒಂದೇಟಿಗೆ ಎಬ್ಬಿಸಿ ಓಡಿಸುತ್ತದೆ. ಮೂರು ದಿನದ ಸಂಕಟ ಅರ್ಧ ಗಂಟೆಯಲ್ಲಿ ಬಂದೆರಗುತ್ತದೆ. ಅದಕ್ಕೇ ಆಕಳಿಕೆ, ಕಣ್ಣೀರು, ಮೈ ನಡುಕ ಚೆನ್ನಾಗಿ ಕಾಣಿಸಿಕೊಳ್ಳುವವರೆಗೆ ನಾವು ಕಾಯುತ್ತೇವೆ. ಹೊರಗಿನ ಬೆಂಚಿನಲ್ಲಿ ಕುಳಿತ ಅಪ್ಪನಿಗೆ ‘ಮಗ ನರಳುತ್ತಿದ್ದಾನೆ, ಇವರು ಸುಮ್ಮನೆ ನೋಡುತ್ತಿದ್ದಾರೆ’ ಎಂದು ಕೋಪ. ಆ ಕೋಪಕ್ಕೆ ಎಷ್ಟೋ ಸಲ ನಾನು ಗುರಿಯಾಗಿದ್ದೇನೆ, ಮುಂದೆಯೂ ಆಗುತ್ತೇನೆ.

‘ಒಂದು ಚಟ ಬಿಡಿಸಲು ಇನ್ನೊಂದು ಚಟವೇ?’ ಇದು ನಿಮ್ಮೆಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಹೌದು, ದೇಹ ಈ ಮಾತ್ರೆಗೂ ಒಗ್ಗುತ್ತದೆ, ಥಟ್ಟನೆ ನಿಲ್ಲಿಸಿದರೆ ಸಂಕಟವಾಗುತ್ತದೆ. ಇದನ್ನೂ ದುರ್ಬಳಕೆ ಮಾಡುವವರಿದ್ದಾರೆ. ಅದರಲ್ಲಿ ನಮ್ಮ ದೇಶಕ್ಕೆ ಹಳೆಯ ಅನುಭವವೇ ಇದೆ, ಎಂಬತ್ತು ತೊಂಬತ್ತರ ದಶಕಗಳಲ್ಲಿ ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ನನ್ನೇ ಚಟ ಮಾಡಿಕೊಂಡವರು ಭಾರತದ ಹಲವು ನಗರಗಳಲ್ಲಿದ್ದರು. ಓಪಿಯಾಯ್ಡ್ ಕೆಲಸ ಮಾಡದಂತೆ ತಡೆಯುವ ನಲಾಕ್ಸೋನನ್ನು ಸೇರಿಸಿ ಮಾತ್ರೆ ಮಾಡಿರುವುದು ಆ ಕಾರಣಕ್ಕೇ. ನಾಲಿಗೆಯ ಕೆಳಗಿಟ್ಟರೆ ನಲಾಕ್ಸೋನ್ ಹೆಚ್ಚೇನೂ ರಕ್ತಕ್ಕೆ ಸೇರದು. ಕರಗಿಸಿ ಚುಚ್ಚಿಕೊಂಡರೆ ಅದು ಎದ್ದು ಕೂತು ಸುಖವನ್ನು ಕೆಡಿಸುತ್ತದೆ. ಹಾಗಿದ್ದರೂ ನಮ್ಮಲ್ಲಿ ಈ ಮಾತ್ರೆ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಗೊತ್ತುಪಡಿಸಿದ ವ್ಯಸನಮುಕ್ತಿ ಕೇಂದ್ರಗಳು, ಆಸ್ಪತ್ರೆಗಳಿಗೆ ಮಾತ್ರ ಪೂರೈಕೆ. ಇಷ್ಟನ್ನು ಒಪ್ಪಿಕೊಂಡು ಹೇಳುತ್ತೇನೆ: ಚಟ ಎಂದರೆ ಬರೀ ದೇಹ ಒಗ್ಗುವುದಲ್ಲ. ಕದಿಯುವುದು, ಸುಳ್ಳು ಹೇಳುವುದು, ಪರೀಕ್ಷೆ ಬಿಡುವುದು, ಸಾಯುವ ಸಾಧ್ಯತೆ ಗೊತ್ತಿದ್ದೂ ಓಡುವುದು, ಇದು ಚಟ. ಬೆಳಿಗ್ಗೆ ಅಮ್ಮನ ಕೈಯಿಂದ ಮಾತ್ರೆ ಇಸಿದುಕೊಂಡು, ತಿಂಡಿ ತಿಂದು, ಕಾಲೇಜಿನ ಬಸ್ಸು ಹತ್ತುವ ಹುಡುಗನನ್ನು ಚಟಗಾರ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಫ್ರಾನ್ಸಿನಲ್ಲಿ 1995ರ ನಂತರ ಸಾಮಾನ್ಯ ವೈದ್ಯರೂ ಈ ಔಷಧ ಬರೆಯತೊಡಗಿದರು. ನಾಲ್ಕು ವರ್ಷಗಳಲ್ಲಿ ಅಲ್ಲಿ ಓಪಿಯಾಯ್ಡ್ ಮಿತಿಮೀರಿ ಸಾಯುವವರ ಸಂಖ್ಯೆ ಶೇ 79ರಷ್ಟು ಇಳಿಯಿತು. ಅವರೆಲ್ಲ ಹದಿಹರೆಯದವರೇ ಅಲ್ಲ, ನಿಜ. ಆದರೂ ಆ ಅಂಕಿಯನ್ನು ಮರೆಯಲು ನನ್ನಿಂದಾಗಿಲ್ಲ.

ಔಷಧ ಇದೆ ಎಂದ ಮಾತ್ರಕ್ಕೆ ಮಕ್ಕಳಿಗೆ ಸಿಗುತ್ತದೆ ಎಂದುಕೊಳ್ಳಬೇಡಿ. ಶ್ರೀಮಂತ ದೇಶದಲ್ಲೂ ಸಿಗಲಿಲ್ಲ. ಅಮೆರಿಕದಲ್ಲಿ 2001ರಿಂದ 2014ರವರೆಗಿನ ವಿಮಾ ದಾಖಲೆಗಳನ್ನು ಸ್ಕಾಟ್ ಹ್ಯಾಡ್‌ಲ್ಯಾಂಡ್ ಎಂಬ ಮಕ್ಕಳ ವೈದ್ಯರು ಮತ್ತು ಸಂಗಡಿಗರು ಜಾಲಾಡಿದರು. ಓಪಿಯಾಯ್ಡ್ ಚಟವೆಂದು ವೈದ್ಯರೇ ಗುರುತಿಸಿದ 16, 17 ವರ್ಷದವರಲ್ಲಿ ಆರು ತಿಂಗಳೊಳಗೆ ಔಷಧ ಸಿಕ್ಕಿದ್ದು ಶೇ 9.7 ಮಂದಿಗೆ, 16ಕ್ಕಿಂತ ಚಿಕ್ಕವರಲ್ಲಿ ಶೇ 1.4. ಚಟ ಹತ್ತಿಸುವ ನೋವಿನ ಮಾತ್ರೆಯನ್ನು ಯಾವ ವೈದ್ಯನೂ ಬರೆಯಬಹುದಾಗಿತ್ತು. ಚಟ ಬಿಡಿಸುವ ಮಾತ್ರೆ ಬರೆಯಲು ಮಾತ್ರ ವಿಶೇಷ ಪರವಾನಗಿ ಬೇಕಿತ್ತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ‘ಮಕ್ಕಳ ವೈದ್ಯರೇ, ನೀವೂ ಈ ಔಷಧ ಕೊಡಿ’ ಎಂದಿತು. ಪರವಾನಗಿಯ ಷರತ್ತು ಹೋದದ್ದು 2022ರ ಡಿಸೆಂಬರಿನಲ್ಲಿ. ಮೆಥಡೋನ್ ಎಂಬ ಇನ್ನೊಂದು ಔಷಧದ ನಿಯಮ ಇನ್ನೂ ವಿಚಿತ್ರ. 18 ತುಂಬದವರು ವರ್ಷದೊಳಗೆ ಎರಡು ಬಾರಿ ಔಷಧವಿಲ್ಲದೆಯೋ ಡಿಟಾಕ್ಸ್ ಮಾಡಿಸಿಕೊಂಡೋ ಸೋತು ಬರಬೇಕಿತ್ತು, ಆಮೇಲೆ ಮೆಥಡೋನ್. ಎರಡು ಸಲ ಬಾವಿಗೆ ಬಿದ್ದವನಿಗೆ ಮಾತ್ರ ಹಗ್ಗ ಎಂದ ಹಾಗೆ. ಆ ನಿಯಮವನ್ನು 2024ರಲ್ಲಿ ಕೈಬಿಟ್ಟರು. ನಾಲ್ಟ್ರೆಕ್ಸೋನ್ ಎಂಬ ಮೂರನೆಯ ಔಷಧವೂ ಇದೆ. ಅದು ಸೀಟು ಹಿಡಿದು ಏನೂ ಮಾಡದೆ ಕೂರುವಂಥದ್ದು, ಮೈಯಿಂದ ಓಪಿಯಾಯ್ಡ್ ಪೂರ್ತಿ ಹೋದ ಮೇಲೆ ಕೊಡಬೇಕು. ಮಾತ್ರೆಯನ್ನು ಮನೆಯವರು ದಿನಾ ಎದುರಿಗೆ ನುಂಗಿಸದಿದ್ದರೆ ಪ್ರಯೋಜನ ಕಡಿಮೆ.

ಕಾನೂನಿನ ಎರಡು ಮಾತು ಹೇಳಿ ಮುಗಿಸುತ್ತೇನೆ, ಏಕೆಂದರೆ ಪೊಲೀಸರ ಭಯದಿಂದಲೇ ಎಷ್ಟೋ ಮನೆಗಳವರು ಮುಚ್ಚಿಡುತ್ತಾರೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸ್ವಂತ ಬಳಕೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆ. ಅದರ ಪ್ರಕಾರ 18 ತುಂಬದವರನ್ನು ದಾಖಲು ಮಾಡಿಕೊಂಡರೆ ವಯಸ್ಕರಿಂದ ಬೇರೆಯಾಗಿ ಇಡಬೇಕು, ಪಾಲಕರೋ ಅವರು ಗೊತ್ತುಮಾಡಿದವರೋ ಇಡೀ ಅವಧಿ ಜತೆಯಲ್ಲಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಮಂಡಳಿಗೆ ತಿಳಿಸಬೇಕು. ‘ಮೂರು ತಿಂಗಳು ಬಿಟ್ಟು ಹೋಗಿ, ಫೋನು ಮಾಡಬೇಡಿ, ಸರಿ ಮಾಡಿ ಕಳುಹಿಸುತ್ತೇವೆ’ ಎನ್ನುವ ಕೇಂದ್ರದ ಗೇಟಿನಿಂದಲೇ ಮಗುವನ್ನು ವಾಪಸ್ ಕರೆದುಕೊಂಡು ಬನ್ನಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿ ಮಾತನಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ಸಭೆಯ ಹಿಂಭಾಗದಿಂದ ಒಬ್ಬ ಅಧ್ಯಾಪಕರು ಕೇಳಿದರು: ‘ತರಗತಿಯಲ್ಲಿ ಯಾರಾದರೂ ಮಿತಿಮೀರಿ ತೆಗೆದುಕೊಂಡು ಬಿದ್ದಿದ್ದರೆ ಗುರುತಿಸುವುದು ಹೇಗೆ?’

ಅಲುಗಿಸಿದರೂ ಏಳುವುದಿಲ್ಲ. ಉಸಿರು ಬಹಳ ನಿಧಾನ, ಕೆಲವೊಮ್ಮೆ ಗೊರಕೆಯಂಥ ಸದ್ದು. ತುಟಿ, ಉಗುರು ನೀಲಿಗಟ್ಟುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುತ್ತದೆ. ನೀರು ಚಿಮುಕಿಸುತ್ತಾ, ಈರುಳ್ಳಿ ಮೂಸಿಸುತ್ತಾ ಸಮಯ ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಓಪಿಯಾಯ್ಡ್ ಅನುಮಾನವಿದೆ ಎಂದು ಬಾಯಿ ಬಿಟ್ಟು ಹೇಳಿ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರು ನಿಂತಿದ್ದರೆ, ಬಲ್ಲವರು ಬಾಯಿಯಿಂದ ಉಸಿರು ಕೊಡಬೇಕು. ಕಾಲೇಜಿನ ಹೆಸರು ಹಾಳಾಗುತ್ತದೆ ಎಂಬ ಯೋಚನೆಯನ್ನು ಆಂಬುಲೆನ್ಸ್ ಹೋದ ಮೇಲೆ ಮಾಡಿ.

ಕೊನೆಗೆ ಒಬ್ಬ ತಾಯಿ, ಎಲ್ಲರೂ ಎದ್ದ ಮೇಲೆ, ವೇದಿಕೆಯ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. ಮಗನ ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ‘ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಯಿತು. ಮಾರ್ಚಿನಲ್ಲಿ ಪರೀಕ್ಷೆ. ಆ ದಿನಗಳಲ್ಲಿ ನಿಲ್ಲಿಸಿದರೆ ತಲೆ ಚುರುಕಾಗಿರುತ್ತದೆಯೇ?’

ನಿಲ್ಲಿಸಲೇಬೇಡಿ ಎಂದೆ. ಒಗ್ಗಿಕೊಂಡ ಪ್ರಮಾಣದಲ್ಲಿ ಮಾತ್ರೆ ಮಂಕು ಕವಿಸುವುದಿಲ್ಲ; ನಿಲ್ಲಿಸಿದರೆ ಬರುವ ನಿದ್ದೆಗೇಡಿತನ, ಹೊಟ್ಟೆ ನುಲಿತ ಅವನನ್ನು ಪರೀಕ್ಷೆಯ ಕೋಣೆಯಿಂದ ಎಬ್ಬಿಸುತ್ತವೆ. ಯಾವಾಗ ಇಳಿಸಬೇಕು ಎಂಬುದನ್ನು ಪರೀಕ್ಷೆಯೆಲ್ಲ ಮುಗಿದ ಮೇಲೆ, ಅವನ ಡಾಕ್ಟರೂ ಅವನೂ ನೀವೂ ಕೂತು ಮಾತನಾಡಿ. ಆ ದಿನಗಳಲ್ಲಿ ಅವನನ್ನು ಅರ್ಧ ಗಂಟೆ ಬೇಗ ಎಬ್ಬಿಸಿ. ಮಾತ್ರೆ ನಾಲಿಗೆಯ ಕೆಳಗೆ ಪೂರ್ತಿ ಕರಗಲು ಹತ್ತು ನಿಮಿಷವಾದರೂ ಬೇಕು, ಅಷ್ಟು ಹೊತ್ತು ಮಾತನಾಡಬಾರದು, ಎಂಜಲು ನುಂಗಬಾರದು. ಆಮೇಲೆ ನೀರಿನಿಂದ ಬಾಯಿ ಮುಕ್ಕಳಿಸಲಿ, ಹಲ್ಲುಜ್ಜುವುದು ಮಾತ್ರ ಒಂದು ಗಂಟೆ ಬಿಟ್ಟು. ಹುಳುಕು ಹಿಡಿಯುವ ಭಯವಿದೆ.

‘ಹಾಗಾದರೆ ಆ ಹತ್ತು ನಿಮಿಷ ನಾನು ಬೈಯುತ್ತಿದ್ದರೂ ಅವನು ಎದುರು ಮಾತನಾಡುವ ಹಾಗಿಲ್ಲ,’ ಎಂದರು ಆ ತಾಯಿ. ಆ ಸಂಜೆ ಮೊದಲ ಬಾರಿಗೆ ಅವರ ಮುಖದಲ್ಲಿ ನಗು ಕಂಡೆ.